ಕೆಲಸ ಬಿಟ್ಟು ವಿಮೆ ಏಜೆಂಟ್ ಆಗ್ತೀರಾ? ಮಲೆನಾಡಿನ ಲೆಕ್ಕ ಸ್ವಲ್ಪ ಬೇರೆ

ವಿಮೆ ಏಜೆಂಟ್ ಆಗುವುದು ಸುಲಭ. ಎಸ್ಸೆಸ್ಸೆಲ್ಸಿ ಪಾಸಾಗಿ 18 ವರ್ಷ ತುಂಬಿದ್ದರೆ ಸಾಕು, ತಿಂಗಳೆರಡು ತಿಂಗಳಲ್ಲಿ ಕೈಗೆ ಏಜೆನ್ಸಿ ಕೋಡ್ ಬರುತ್ತದೆ. ಕಷ್ಟ ಶುರುವಾಗುವುದು ಎರಡನೇ ವರ್ಷದ ಮಧ್ಯದಲ್ಲಿ. ಅಷ್ಟು ಹೊತ್ತಿಗೆ ಪಾಲಿಸಿ ಮಾಡಿಸಬಲ್ಲ ನೆಂಟರೆಲ್ಲ ಮುಗಿದಿರುತ್ತಾರೆ. ಮೊದಲ ವರ್ಷ ಮಾಡಿಸಿದವರಲ್ಲಿ ಕೆಲವರು ಎರಡನೇ ಕಂತು ಕಟ್ಟಿರುವುದಿಲ್ಲ. ಹಳೇ ಕೆಲಸಕ್ಕೆ ಬೇರೆಯವರು ಬಂದಿರುತ್ತಾರೆ.

ಶಿವಮೊಗ್ಗ ಕಡೆ ಈ ದಾರಿ ಹಿಡಿಯಲು ಯೋಚಿಸುವವರು ಬಹಳ ಜನ. ಭದ್ರಾವತಿಯಲ್ಲಿ 2015ರ ಹೊತ್ತಿಗೆ ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ನಿಂತಾಗ ನಡುವಯಸ್ಸಿನವರು ಹೊಸ ದುಡಿಮೆ ಹುಡುಕಬೇಕಾಯಿತು. ಖಾಸಗಿ ಶಾಲೆಯ ಮೇಷ್ಟ್ರುಗಳು, ಶೋರೂಮಿನ ಹುಡುಗರು, ತೋಟ ನೋಡಿಕೊಳ್ಳಲೆಂದು ಬೆಂಗಳೂರು ಬಿಟ್ಟು ಬಂದವರು, ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಮಾಡೋಣ ಎನ್ನುವ ಹೆಂಗಸರು, ಎಲ್ಲರ ಕಿವಿಗೂ ಯಾರಾದರೊಬ್ಬರು ಒಮ್ಮೆ ಹೇಳಿರುತ್ತಾರೆ: "ಏಜೆನ್ಸಿ ತಗೊಳ್ಳಿ, ನಿಮಗೆ ಜನ ಗೊತ್ತಲ್ಲ."

ಜನ ಗೊತ್ತಿರುವುದು ಒಳ್ಳೆಯದೇ. ಆದರೆ ಅದು ಮೊದಲ ವರ್ಷದ ಬಂಡವಾಳ ಮಾತ್ರ. ಈ ವೃತ್ತಿಯ ದುಡ್ಡು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಮೊದಲೇ ತಿಳಿದರೆ ಅರ್ಧ ಪೆಟ್ಟು ತಪ್ಪುತ್ತದೆ.

ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ?

ಹೊರಗಿನಿಂದ ನೋಡಿದರೆ ಎಲ್ಲರೂ "ಇನ್ಶೂರೆನ್ಸ್‌ನವರು". ಒಳಗೆ ನಾಲ್ಕೈದು ಬಗೆಯ ಕೆಲಸ ಇದೆ.

ಏಜೆಂಟ್ ಎಂದರೆ ಕಂಪನಿಯ ನೌಕರ ಅಲ್ಲ. ಸಂಬಳ ಇಲ್ಲ, ಪಿಎಫ್ ಇಲ್ಲ. ಮಾಡಿಸಿದ ಪಾಲಿಸಿಗೆ ಕಮಿಷನ್, ಅಷ್ಟೇ. ಸೇಲ್ಸ್ ಮ್ಯಾನೇಜರ್, ರಿಲೇಶನ್‌ಶಿಪ್ ಆಫೀಸರ್ ಎಂಬ ಹೆಸರಿನ ಹುದ್ದೆಗಳು ಬೇರೆ. ಅಲ್ಲಿ ಸಂಬಳ ಇದೆ, ಅದರ ಜೊತೆಗೆ ಟಾರ್ಗೆಟ್ ಇದೆ. ಎರಡು ಮೂರು ತಿಂಗಳು ಟಾರ್ಗೆಟ್ ತಪ್ಪಿದರೆ ಕುರ್ಚಿ ಅಲ್ಲಾಡುತ್ತದೆ. ಎಷ್ಟೋ ಸಲ ಈ ಹುದ್ದೆಯವರ ಕೆಲಸವೇ ನಿಮ್ಮಂಥ ಹೊಸ ಏಜೆಂಟರನ್ನು ಸೇರಿಸುವುದು. ನಿಮ್ಮನ್ನು ಕರೆಯುವವರು ಇಷ್ಟು ಉತ್ಸಾಹದಿಂದ ಯಾಕೆ ಕರೆಯುತ್ತಿದ್ದಾರೆ ಎಂಬುದಕ್ಕೆ ಇದೂ ಒಂದು ಕಾರಣ. ಎಲ್‌ಐಸಿಯಲ್ಲಿ ಆ ಜಾಗದಲ್ಲಿ ಡೆವಲಪ್‌ಮೆಂಟ್ ಆಫೀಸರ್ ಇರುತ್ತಾರೆ, ಎಲ್ಲರ ಬಾಯಲ್ಲೂ "ಡಿಓ ಸಾಹೇಬ್ರು". ಒಳ್ಳೆಯ ಡಿಓ ಸಿಕ್ಕರೆ ಕೆಲಸ ಕಲಿಸುತ್ತಾರೆ, ಜೊತೆಗೆ ಗಿರಾಕಿ ಮನೆಗೂ ಬರುತ್ತಾರೆ. ಸಿಗದಿದ್ದರೆ ಮಾರ್ಚ್ ತಿಂಗಳಲ್ಲಿ ಮಾತ್ರ ಫೋನ್ ಬರುತ್ತದೆ.

ಮೂರನೆಯದು ಪಿಓಎಸ್‌ಪಿ, ಅಂದರೆ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್. ಹದಿನೈದು ಗಂಟೆ ತರಬೇತಿ ಮುಗಿಸಿ ಸಣ್ಣ ಪರೀಕ್ಷೆ ಬರೆದು, ಬೈಕ್ ವಿಮೆ, ಕಾರ್ ವಿಮೆಯಂಥ ಸರಳ ಪಾಲಿಸಿಗಳನ್ನು ಮೊಬೈಲಿನಲ್ಲೇ ಮಾಡಿಕೊಡುವ ವ್ಯವಸ್ಥೆ. ಗ್ಯಾರೇಜ್, ಜೆರಾಕ್ಸ್ ಅಂಗಡಿ ಇಟ್ಟವರಿಗೆ ಇದು ಒಳ್ಳೆಯ ಪಕ್ಕದ ಆದಾಯ. ಇದೊಂದರಿಂದಲೇ ಸಂಸಾರ ನಡೆಸುತ್ತೇನೆ ಎಂದರೆ ಕಷ್ಟ.

ಈಚಿನದು ಎಲ್‌ಐಸಿಯ ಬೀಮಾ ಸಖಿ. 2024ರ ಡಿಸೆಂಬರ್ 9ರಂದು ಶುರುವಾದ ಇದು ಹೆಂಗಸರಿಗೆ ಮಾತ್ರ. ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 70. ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್. ಕಮಿಷನ್ ಬೇರೆ. ಕೇಳಲು ಚೆನ್ನಾಗಿದೆ, ಆದರೆ ಷರತ್ತು ಓದಿ. ವರ್ಷಕ್ಕೆ 24 ಜನರ ಪಾಲಿಸಿ ಆಗಬೇಕು. ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಶೇ 65ರಷ್ಟಾದರೂ ಜೀವಂತ ಇದ್ದರೆ ಮಾತ್ರ ಎರಡನೇ ವರ್ಷದ ಸ್ಟೈಪೆಂಡ್. ಮನೆಯಲ್ಲಿ ಆಗಲೇ ಎಲ್‌ಐಸಿ ಏಜೆಂಟ್ ಅಥವಾ ನೌಕರ ಇದ್ದರೆ ಹತ್ತಿರದ ಸಂಬಂಧಿಗೆ ಇದು ಸಿಗುವುದಿಲ್ಲ.

ಸರ್ಕಾರಿ ನೌಕರಿಯಲ್ಲಿ ಇದ್ದುಕೊಂಡು ಏಜೆನ್ಸಿ ಮಾಡುವುದನ್ನು ಸೇವಾ ನಡತೆ ನಿಯಮ ಒಪ್ಪುವುದಿಲ್ಲ. ಹೆಂಡತಿ ಹೆಸರಲ್ಲಿ ಕೋಡ್, ಗಂಡ ಆಫೀಸಿನಲ್ಲಿ ಕೂತು ಪಾಲಿಸಿ, ಈ ಕಥೆ ಊರಿಗೆಲ್ಲ ಗೊತ್ತು. ಅದನ್ನು ಹೇಗೆ ಮಾಡುವುದು ಎಂದು ಇಲ್ಲಿ ಬರೆಯುವುದಿಲ್ಲ.

ಕಾಗದ, ಪರೀಕ್ಷೆ

ಇದು ಬೇಗ ಮುಗಿಯುವ ವಿಷಯ. ಪ್ಯಾನ್, ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಬೇಕು. ಇಪ್ಪತ್ತೈದು ಗಂಟೆ ತರಬೇತಿ ಆಗುತ್ತದೆ. ಆಮೇಲೆ ಐಸಿ 38 ಎಂಬ ಪರೀಕ್ಷೆ. ಒಂದು ಗಂಟೆ, 50 ಪ್ರಶ್ನೆ, ಪಾಸಾಗಲು ಶೇ 35. ಕನ್ನಡದಲ್ಲೂ ಬರೆಯಬಹುದು. ಮೊದಲು ಲೈಸೆನ್ಸ್ ಕೊಡುತ್ತಿದ್ದುದು ವಿಮೆ ನಿಯಂತ್ರಣ ಪ್ರಾಧಿಕಾರ. ಈಗ ಕಂಪನಿಯೇ ನಿಮ್ಮನ್ನು ನೇಮಿಸಿಕೊಳ್ಳುತ್ತದೆ. ಒಂದು ಜೀವ ವಿಮೆ ಕಂಪನಿ, ಒಂದು ಸಾಮಾನ್ಯ ವಿಮೆ ಕಂಪನಿ, ಒಂದು ಆರೋಗ್ಯ ವಿಮೆ ಕಂಪನಿ, ಹೀಗೆ ಒಂದೊಂದು ಬಗೆಗೆ ಒಂದೊಂದು ಇಟ್ಟುಕೊಳ್ಳಬಹುದು. ಎರಡು ಜೀವ ವಿಮೆ ಕಂಪನಿಗೆ ಒಟ್ಟಿಗೆ ಆಗುವುದಿಲ್ಲ.

ಪರೀಕ್ಷೆ ಶುಲ್ಕ ಕೆಲವು ನೂರು ರೂಪಾಯಿ. ಅದಕ್ಕಿಂತ ಜಾಸ್ತಿ, ಅಂದರೆ ಡೆಪಾಸಿಟ್ಟು, ಕಿಟ್ಟು, ಸೀಟು ಬುಕ್ಕಿಂಗು ಎಂದೆಲ್ಲ ಯಾರಾದರೂ ದುಡ್ಡು ಕೇಳಿದರೆ ಸುಮ್ನೆ ಎದ್ದು ಬನ್ನಿ.

ಮೊದಲ ವರ್ಷದ ದುಡ್ಡು, ಮೂರನೇ ವರ್ಷದ ದುಡ್ಡು

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಕಮಿಷನ್ ಎರಡು ಬಗೆ. ಪಾಲಿಸಿಯ ಮೊದಲ ವರ್ಷದ ಕಂತಿನ ಮೇಲೆ ದೊಡ್ಡ ಪಾಲು, ಆಮೇಲಿನ ಪ್ರತಿ ವರ್ಷದ ಕಂತಿನ ಮೇಲೆ ಸಣ್ಣ ಪಾಲು. ಈ ಎರಡನೆಯದಕ್ಕೆ ರಿನೀವಲ್ ಎನ್ನುತ್ತಾರೆ.

ಬಹಳ ಕಾಲ ಕಾನೂನಿನ ಮಿತಿ ಮೊದಲ ವರ್ಷಕ್ಕೆ ಶೇ 35 ಇತ್ತು. 2023ರ ಏಪ್ರಿಲ್‌ನಿಂದ ದರ ನಿಗದಿ ಮಾಡುವುದನ್ನು ಒಟ್ಟು ಖರ್ಚಿನ ಮಿತಿಯೊಳಗೆ ಆಯಾ ಕಂಪನಿಗೇ ಬಿಟ್ಟಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಇನ್ನೊಂದು ಬದಲಾವಣೆ ಬಂತು. ಒಂದು ವರ್ಷದ ಕಂತು ಪೂರ್ತಿ ಕಟ್ಟಿದವರಿಗೂ ಸರೆಂಡರ್ ಮಾಡಿದಾಗ, ಅಂದರೆ ಅವಧಿಗೆ ಮೊದಲೇ ಪಾಲಿಸಿ ಬಿಟ್ಟುಕೊಟ್ಟಾಗ, ಒಂದಿಷ್ಟು ದುಡ್ಡು ವಾಪಸ್ ಸಿಗಬೇಕು ಎಂದು ನಿಯಮವಾಯಿತು. ಮೊದಲಾದರೆ ಒಂದೇ ವರ್ಷ ಕಟ್ಟಿ ಬಿಟ್ಟವನ ದುಡ್ಡು ಹೋಯಿತೆಂದೇ ಲೆಕ್ಕ. ಗಿರಾಕಿಗೆ ಅನುಕೂಲವಾಯಿತು, ಕಂಪನಿ ಕೈ ಬಿಗಿ ಹಿಡಿಯಿತು. ಎಲ್‌ಐಸಿಯ ಎಂಡೋಮೆಂಟ್ ಬಗೆಯ, ಅಂದರೆ ಉಳಿತಾಯವೂ ಸೇರಿದ ಪಾಲಿಸಿಗಳಲ್ಲಿ ಮೊದಲ ವರ್ಷದ ಕಮಿಷನ್ ಶೇ 35ರಿಂದ 28ಕ್ಕೆ ಇಳಿದು, ರಿನೀವಲ್ 5ರಿಂದ 7.5ಕ್ಕೆ ಏರಿದೆ ಎಂದು ಪತ್ರಿಕೆಗಳಲ್ಲಿ ಬಂತು. ಅಂದರೆ ಸಂದೇಶ ಸ್ಪಷ್ಟ: ಪಾಲಿಸಿ ಮಾಡಿಸುವುದಕ್ಕಿಂತ ಅದನ್ನು ಉಳಿಸಿಕೊಳ್ಳುವವನಿಗೆ ಈಗ ಬೆಲೆ.

ಇದೇ ದರ ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಸಾಗರದ ಖಾಸಗಿ ಶಾಲೆ ಮೇಷ್ಟ್ರೊಬ್ಬರು ಕೆಲಸ ಬಿಟ್ಟು ಏಜೆಂಟ್ ಆದರು ಎಂದುಕೊಳ್ಳಿ. ವರ್ಷಕ್ಕೆ 25,000 ರೂಪಾಯಿ ಕಂತಿನ ಪಾಲಿಸಿ, ತಿಂಗಳಿಗೆ ಎರಡರಂತೆ 24 ಆಯಿತು. ಒಂದಕ್ಕೆ 7,000 ಕಮಿಷನ್. ಒಟ್ಟು 1,68,000. ತಿಂಗಳಿಗೆ 14,000 ಬಿದ್ದ ಹಾಗೆ. ಎರಡನೇ ವರ್ಷವೂ ಹೊಸದು 24 ಆಗಿ, ಹಳೆಯದರಲ್ಲಿ 19 ಉಳಿದರೆ, ಉಳಿದ ಒಂದೊಂದಕ್ಕೆ 1,875 ಸೇರಿ 2,03,625. ಮೂರನೇ ವರ್ಷ ಹೊಸದು ಅಷ್ಟೇ ಆಗಿ ಹಳೆಯವು 36 ಉಳಿದಿದ್ದರೆ 2,35,500. ತಿಂಗಳಿಗೆ ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಕಮ್ಮಿ. ಬಹಳ ಅಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ.

ಇದು ಎಲ್ಲ ಸರಿಹೋದರೆ. ಈಗ ಸಾಮಾನ್ಯವಾಗಿ ಆಗುವುದನ್ನು ನೋಡಿ. ಮೊದಲ ವರ್ಷದ 24ರಲ್ಲಿ ಹದಿನೈದು ಇಪ್ಪತ್ತು ಜನ ಭಾವ, ಷಡ್ಡಕ, ಅತ್ತೆ ಮನೆಯವರು, ಜೊತೆಗೆ ಓದಿದವರು. "ಪಾಪ, ಹೊಸದಾಗಿ ಶುರು ಮಾಡಿದಾನೆ" ಎಂದು ಮಾಡಿಸಿದ್ದು. ಎರಡನೇ ವರ್ಷ ಹೊಸದು 12ಕ್ಕೆ ಇಳಿಯಿತು, ಹಳೆಯವರಲ್ಲಿ ಅರ್ಧ ಜನ ಕಂತು ನಿಲ್ಲಿಸಿದರು. ಆಗ ವರ್ಷದ ಆದಾಯ 84,000 ಮತ್ತು 22,500, ಒಟ್ಟು 1,06,500. ತಿಂಗಳಿಗೆ ಒಂಬತ್ತು ಸಾವಿರವೂ ಇಲ್ಲ. ಅದರಲ್ಲೇ ಪೆಟ್ರೋಲಿಗೆ ಎರಡೂವರೆ ಮೂರು ಸಾವಿರ ಹೋಗುತ್ತದೆ. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಎರಡು ಗುಡ್ಡ, ಒಂದು ಹಳ್ಳ ದಾಟಬೇಕು. ತುಮರಿ ಕಡೆಗಾದರೆ 2025ರ ಜುಲೈವರೆಗೂ ಶರಾವತಿ ಹಿನ್ನೀರಿಗೆ ಲಾಂಚೇ ಗತಿ. ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಸೇತುವೆ ಆದಮೇಲೆ ಸಂಜೆ ಗಿರಾಕಿಯನ್ನು ನೋಡಿ ರಾತ್ರಿ ವಾಪಸ್ ಬರುವುದು ಸಾಧ್ಯವಾಗಿದೆ.

ಏಜೆಂಟರ ಕೆಲಸ ಸಂಜೆ ಮತ್ತು ಭಾನುವಾರದ್ದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೇರೆಯವರಿಗೆ ಬಿಡುವಿದ್ದಾಗ ನಿಮಗೆ ಕೆಲಸ. ಮದುವೆ ಮನೆಯ ಪಂಕ್ತಿಯಲ್ಲಿ ನಿಮ್ಮ ಪಕ್ಕದ ಎಲೆ ಖಾಲಿ ಉಳಿಯಿತು ಅಂದರೆ, ಕಾರಣ ನಿಮ್ಮ ಬ್ಯಾಗೇ ಇರಬಹುದು.

ಎರಡನೇ ವರ್ಷದ ಈ ತಗ್ಗನ್ನು ತಪ್ಪಿಸಲು ಕೆಲವರು ಅಡ್ಡದಾರಿ ಹಿಡಿಯುತ್ತಾರೆ. "ಮೊದಲ ಕಂತಿನಲ್ಲಿ ಅರ್ಧ ನಾನೇ ಹಾಕ್ತೀನಿ, ಪಾಲಿಸಿ ಮಾಡಿಸಿ" ಎನ್ನುತ್ತಾರೆ. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಇದು ತಪ್ಪು, ಹತ್ತು ಲಕ್ಷ ರೂಪಾಯಿವರೆಗೆ ದಂಡ ಇದೆ. ಕಾನೂನು ಹಾಗಿರಲಿ, ಲೆಕ್ಕವೂ ಕೂಡುವುದಿಲ್ಲ. 25,000ದ ಕಂತಿಗೆ 7,000 ಕಮಿಷನ್ ಬರುವವನು ಅರ್ಧ ಹಾಕಿದರೆ ಐದೂವರೆ ಸಾವಿರ ಕೈಯಿಂದ ಹೋಯಿತು. ರಿಯಾಯಿತಿಗೆ ಬಂದ ಗಿರಾಕಿ ಮುಂದಿನ ವರ್ಷ ಪೂರ್ತಿ ಕಂತು ಕಟ್ಟುವುದು ಬಹಳ ಅಪರೂಪ.

ಗಿರಾಕಿಗೆ ಬೇಕಾದದ್ದು, ನಿಮಗೆ ಬರುವುದು

ಈ ವೃತ್ತಿಯ ದೊಡ್ಡ ಇಕ್ಕಟ್ಟು ಇಲ್ಲಿದೆ. ಮೂವತ್ತು ವರ್ಷದ, ಇಬ್ಬರು ಮಕ್ಕಳ ತಂದೆ ನಿಮ್ಮ ಮುಂದೆ ಕೂತಿದ್ದಾನೆ. ಟರ್ಮ್ ಪಾಲಿಸಿ ಆದರೆ ವರ್ಷಕ್ಕೆ ಹತ್ತರಿಂದ ಹದಿನೈದು ಸಾವಿರದಲ್ಲಿ ಒಂದು ಕೋಟಿಯ ರಕ್ಷಣೆ ಸಿಗುತ್ತದೆ. ಬದುಕಿದ್ದರೆ ದುಡ್ಡು ವಾಪಸ್ ಇಲ್ಲ. ಎಂಡೋಮೆಂಟ್ ಆದರೆ ಇಪ್ಪತ್ತು ವರ್ಷದ ಹತ್ತು ಲಕ್ಷದ ಪಾಲಿಸಿಗೇ ವರ್ಷಕ್ಕೆ ಸುಮಾರು ಐವತ್ತು ಸಾವಿರ. ದುಡ್ಡು ಬೋನಸ್ ಸಮೇತ ವಾಪಸ್ ಬರುತ್ತದೆ. ಕುಟುಂಬಕ್ಕೆ ತುರ್ತಾಗಿ ಬೇಕಾದದ್ದು ಮೊದಲನೆಯದು. ನಿಮಗೆ ನಾಲ್ಕು ಪಟ್ಟು ಕಮಿಷನ್ ತರುವುದು ಎರಡನೆಯದು.

"ಸತ್ತ ಮೇಲೆ ಸಿಗೋ ದುಡ್ಡು ಯಾರಿಗೆ ಬೇಕು ಮಾರಾಯ್ರೆ" ಎಂದು ಗಿರಾಕಿಯೇ ಟರ್ಮ್ ಬೇಡ ಅನ್ನುವುದೂ ನಿಜ. ಆದರೂ ಎರಡನ್ನೂ ಮುಂದಿಟ್ಟು ಹೇಳುವುದು ನಿಮ್ಮ ಕೆಲಸ. ಧರ್ಮದ ಮಾತು ಬಿಡಿ, ವ್ಯಾಪಾರದ ದೃಷ್ಟಿಯಿಂದಲೇ ನೋಡಿ. ಐವತ್ತು ಸಾವಿರದ ಕಂತು ಹೊರಲಾಗದವನ ತಲೆಗೆ ಅದನ್ನು ಕಟ್ಟಿದರೆ ಮೂರನೇ ವರ್ಷ ಅವನು ಕಂತು ನಿಲ್ಲಿಸಿ ಪಾಲಿಸಿ ಲ್ಯಾಪ್ಸ್ ಮಾಡುತ್ತಾನೆ. ನಿಮ್ಮ ರಿನೀವಲ್ ಹೋಯಿತು, ಅವನ ಇಡೀ ಕೇರಿ ಹೋಯಿತು. ಬೆಂಗಳೂರಿನಲ್ಲಾದರೆ ಹೊಸ ಬಡಾವಣೆಗೆ ಹೋಗಬಹುದು. ಹೊಸನಗರದಲ್ಲಿ ಎಲ್ಲಿಗೆ ಹೋಗುತ್ತೀರಿ?

"ಟ್ಯಾಕ್ಸ್ ಉಳಿಯುತ್ತೆ" ಎಂಬ ಹಳೇ ಮಾತೂ ಈಗ ಅಷ್ಟಾಗಿ ನಡೆಯುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ವಿಮೆ ಕಂತಿಗೆ ವಿನಾಯಿತಿ ಇಲ್ಲ. ಬದಲಿಗೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಕಂತಿನ ಮೇಲೆ ಜಿಎಸ್‌ಟಿ ತೆಗೆದಿದ್ದಾರೆ. ಗಿರಾಕಿಗೆ ಹೇಳಲು ಇದು ಒಳ್ಳೆಯ ಸುದ್ದಿ. ಏಜೆಂಟರಿಗೆ ಅಷ್ಟು ಒಳ್ಳೆಯದಲ್ಲ, ಯಾಕೆಂದರೆ ತಮ್ಮ ಖರ್ಚಿನ ಮೇಲೆ ಕಟ್ಟುವ ಜಿಎಸ್‌ಟಿ ಇನ್ನು ವಾಪಸ್ ಸಿಗದೆ ಬಿದ್ದ ಹೊರೆಯನ್ನು ಕೆಲವು ಕಂಪನಿಗಳು ಕಮಿಷನ್‌ನಲ್ಲಿ ಹೊಂದಿಸಿಕೊಂಡವು.

ಆರೋಗ್ಯ ವಿಮೆಯ ಕಮಿಷನ್ ಲೆಕ್ಕ ಬೇರೆ. ಮೊದಲ ವರ್ಷಕ್ಕೂ ಮುಂದಿನ ವರ್ಷಗಳಿಗೂ ದರದಲ್ಲಿ ಅಷ್ಟು ದೊಡ್ಡ ಅಂತರ ಇರುವುದಿಲ್ಲ. ಹಾಗಾಗಿ ನಿಧಾನವಾಗಿ ಬೆಳೆದರೂ ಗಟ್ಟಿ ಆದಾಯ. ದೊಡ್ಡ ಕಾಯಿಲೆ ಬಂದರೆ ನಮ್ಮವರು ಮಣಿಪಾಲಕ್ಕೋ ಮಂಗಳೂರಿಗೋ ಘಟ್ಟ ಇಳಿಯುತ್ತಾರೆ. ಆ ಆಸ್ಪತ್ರೆಗಳಲ್ಲಿ ನಿಮ್ಮ ಕಂಪನಿಯ ಕ್ಯಾಶ್‌ಲೆಸ್ ಇದೆಯಾ ಎಂದು ನೋಡದೆ ಪಾಲಿಸಿ ಮಾರಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ ಎಂದು 2024ರಿಂದ ನಿಯಮ ಇದೆ. ಇದನ್ನು ಮಾರುವಾಗಲೇ ಹೇಳಿ.

ಅಡಿಕೆ ದುಡ್ಡು ಬರುವ ತಿಂಗಳು

ಮಲೆನಾಡಿನ ಏಜೆಂಟ್ ನಿಜವಾಗಿ ಕಲಿಯಬೇಕಾದ ವಿದ್ಯೆ ಇದು, ತರಬೇತಿಯಲ್ಲಿ ಹೇಳಿಕೊಡುವುದಿಲ್ಲ. ಕಂತಿನ ತಾರೀಖು ಯಾವ ತಿಂಗಳಲ್ಲಿ ಬೀಳಬೇಕು?

ಪಾಲಿಸಿ ಯಾವ ತಾರೀಖಿಗೆ ಶುರುವಾಗುತ್ತದೋ ಪ್ರತಿ ವರ್ಷ ಅದೇ ತಾರೀಖಿಗೆ ಕಂತು. ತೀರ್ಥಹಳ್ಳಿಯ ಅಡಿಕೆ ಬೆಳೆಗಾರನಿಗೆ ಜುಲೈನಲ್ಲಿ ವರ್ಷದ ಕಂತಿನ ಪಾಲಿಸಿ ಮಾಡಿಸಿದಿರಿ ಎಂದರೆ ನೀವೇ ಲ್ಯಾಪ್ಸಿಗೆ ದಾರಿ ಮಾಡಿಕೊಟ್ಟ ಹಾಗೆ. ಜೂನ್‌ನಲ್ಲಿ ಮಕ್ಕಳ ಫೀಸು ಕಟ್ಟಿ ಮುಗಿದಿರುತ್ತದೆ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಸಬೇಕು, ಆಳಿಗೆ ಕೊಡಬೇಕು. ಕೈಯಲ್ಲಿ ದುಡ್ಡಿರುವುದಿಲ್ಲ. ದೀಪಾವಳಿ ಕಳೆದು ಕೊಯ್ಲು ಶುರುವಾಗಿ, ಬೇಯಿಸಿ ಒಣಗಿಸಿದ ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್‌ಕೋಸಿಗೋ ಮಂಡಿಗೋ ಹೋದ ಮೇಲೆ, ಜನವರಿಯಿಂದ ಬೇಸಿಗೆ ತನಕ ದುಡ್ಡು ಓಡಾಡುತ್ತದೆ. ಬೆಲೆ ಏರಲಿ ಎಂದು ಒಣಗಿಸಿದ ರಾಶಿ ಇಡಿ ಅಡಿಕೆಯನ್ನು ಮನೆಯಲ್ಲೇ ಇಟ್ಟುಕೊಳ್ಳುವವರ ಲೆಕ್ಕ ಬೇರೆ. ಅವರನ್ನೇ ಕೇಳಿ, "ಯಾವಾಗ ಮಾರ್ತೀರಿ?" ಎಂದು. ಸೊಸೈಟಿ ಸಾಲದ ಗಡುವು ಯಾವಾಗ ಎಂದೂ ಕೇಳಿ. ಎರಡೂ ಒಂದೇ ವಾರದಲ್ಲಿ ಬಿದ್ದರೆ ಸೊಸೈಟಿಗೇ ಮೊದಲು ಹೋಗುತ್ತದೆ.

ಶಿವಮೊಗ್ಗದ ನೌಕರನಿಗೆ ತಿಂಗಳ ಕಂತು ಬ್ಯಾಂಕಿನಿಂದ ತಾನಾಗಿ ಕಡಿತವಾಗುವಂತೆ ಮಾಡಿಸುವುದು ಲೇಸು. ತಿಂಗಳ ಕಂತಿಗೆ 15 ದಿನ ರಿಯಾಯಿತಿ ಅವಧಿ, ವರ್ಷ, ಆರು ತಿಂಗಳು, ಮೂರು ತಿಂಗಳ ಕಂತಿಗೆ 30 ದಿನ. ಅದು ದಾಟಿದರೆ ಪಾಲಿಸಿ ಲ್ಯಾಪ್ಸ್. ಐದು ವರ್ಷದೊಳಗೆ ಬಡ್ಡಿ ಕಟ್ಟಿ ಮತ್ತೆ ಜೀವ ಕೊಡಬಹುದು. ಆದರೆ ಆ ನಡುವೆ ಏನಾದರೂ ಆದರೆ ಕುಟುಂಬಕ್ಕೆ ಕಷ್ಟ.

ಇಲ್ಲಿ ಒಂದು ಎಚ್ಚರಿಕೆ. ಹಳ್ಳಿಗಳಲ್ಲಿ "ನೀವೇ ಕಟ್ಟಿಬಿಡಿ" ಎಂದು ದುಡ್ಡು ನಿಮ್ಮ ಕೈಗೆ ಕೊಡುತ್ತಾರೆ. ನಂಬಿಕೆಯಿಂದ ಕೊಟ್ಟದ್ದು, ಬೇಡ ಎನ್ನಲು ಮುಜುಗರ. ಆದರೆ 1997ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ಗಿರಾಕಿ ಕಂತಿನ ಚೆಕ್ಕನ್ನು ಏಜೆಂಟನಿಗೆ ಕೊಟ್ಟಿದ್ದ. ಏಜೆಂಟ್ ಅದನ್ನು ನಗದು ಮಾಡಿಕೊಂಡ, ಸಮಯಕ್ಕೆ ಕಟ್ಟಲಿಲ್ಲ. ಗಿರಾಕಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಕಟ್ಟಿದ. ಕಂತು ವಸೂಲಿ ಮಾಡುವ ಅಧಿಕಾರ ಏಜೆಂಟನಿಗೆ ಇಲ್ಲ, ಅವನ ಕೈಗೆ ಕೊಟ್ಟದ್ದು ಎಲ್‌ಐಸಿಗೆ ಕೊಟ್ಟ ಹಾಗಲ್ಲ ಎಂದು ಕೋರ್ಟ್ ಹೇಳಿತು. ಕಂತು ಪಡೆಯಲು ಕಂಪನಿಯೇ ಬರೆದುಕೊಟ್ಟ ಅಧಿಕಾರ ನಿಮಗಿಲ್ಲದಿದ್ದರೆ ದುಡ್ಡು ಮುಟ್ಟಬೇಡಿ. ಗಿರಾಕಿಯ ಫೋನಿನಲ್ಲೇ ಕಟ್ಟಿಸಿ, ರಸೀದಿ ಅವರ ಕೈಯಲ್ಲೇ ಇರಲಿ. ಗುಡ್ಡದ ಮೇಲಿನ ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಪೇಟೆಗೆ ಬಂದಾಗ ಬ್ರಾಂಚಿಗೇ ಕರೆದುಕೊಂಡು ಹೋಗಿ.

ಬೆಳೆ ವಿಮೆ ಬಗ್ಗೆ ಒಂದು ಮಾತು. ನೀವು ವಿಮೆಯವರು ಎಂದು ಗೊತ್ತಾದ ದಿನದಿಂದ "ಅಡಿಕೆ ವಿಮೆ ಯಾವಾಗ ಬರುತ್ತೆ?" ಎಂಬ ಪ್ರಶ್ನೆ ತಪ್ಪಿದ್ದಲ್ಲ. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆ ಬ್ಯಾಂಕು ಮತ್ತು ಸೊಸೈಟಿ ಮೂಲಕ ಆಗುತ್ತದೆ. ರೈತರ ಪಾಲು ವಿಮೆ ಮೊತ್ತದ ಶೇ 5, ಪರಿಹಾರ ನಿಂತಿರುವುದು ಮಳೆ ಮಾಪನದ ಅಂಕಿಯ ಮೇಲೆ. ನಿಮಗೆ ಅದರಲ್ಲಿ ಕಮಿಷನ್ ಇಲ್ಲ. ಆದರೂ ಇಷ್ಟನ್ನು ತಿಳಿದಿರಿ. ಗೊತ್ತಿಲ್ಲ ಎಂದರೆ "ಇವನೆಂಥ ವಿಮೆಯವ" ಅನ್ನುತ್ತಾರೆ.

"ಕವಳ ಹಾಕ್ತೀರಾ?"

ಪ್ರಪೋಸಲ್ ಫಾರಂ, ಅಂದರೆ ಪಾಲಿಸಿಯ ಅರ್ಜಿ ತುಂಬುವುದು ಗುಮಾಸ್ತಿಕೆ ಅಂತ ಹೊಸಬರು ತಿಳಿಯುತ್ತಾರೆ. ಅಲ್ಲ. ಇಡೀ ವೃತ್ತಿ ನಿಂತಿರುವುದೇ ಅದರ ಮೇಲೆ.

ಫಾರಂನಲ್ಲಿ ತಂಬಾಕು ಬಳಸುತ್ತೀರಾ ಎಂಬ ಪ್ರಶ್ನೆ ಇರುತ್ತದೆ. ಬೀಡಿ, ಸಿಗರೇಟು ಅಷ್ಟೇ ಅಲ್ಲ, ಯಾವ ರೂಪದಲ್ಲಾದರೂ. ನಮ್ಮ ಕಡೆ ಊಟವಾದ ಮೇಲೆ ಕವಳ, ಅಂದರೆ ಎಲೆಯಡಿಕೆ ಹಾಕುವವರು, ಅದರಲ್ಲಿ ಚೂರು ಹೊಗೆಸೊಪ್ಪು ಸೇರಿಸುವವರು ಎಷ್ಟು ಜನ! ಅವರ ಪ್ರಕಾರ ಅದು ತಂಬಾಕು ಬಳಕೆಯೇ ಅಲ್ಲ. "ಸಿಗರೇಟ್ ಸೇದ್ತೀರಾ" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಅದು ಸತ್ಯವೇ. ನೀವು ಕೇಳಬೇಕಾದದ್ದು "ಕವಳಕ್ಕೆ ಹೊಗೆಸೊಪ್ಪು ಹಾಕ್ತೀರಾ" ಎಂದು. ಶುಗರ್, ಬಿಪಿ ಕೂಡ ಹಾಗೇ. "ಮಾತ್ರೆ ತಗೊಳ್ತೀರಾ" ಎಂದರೆ ಮಾತ್ರ ನಿಜ ಹೊರಬರುತ್ತದೆ.

ಉದ್ಯೋಗ ಎಂಬ ಜಾಗದಲ್ಲಿ ಎಲ್ಲರಿಗೂ "ಕೃಷಿ" ಎಂದು ಬರೆದುಬಿಡುವ ಚಾಳಿಯೂ ಇದೆ. ತೋಟದ ಯಜಮಾನನೂ ಕೃಷಿ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನೂ ಕೃಷಿ. ಇಬ್ಬರ ಅಪಾಯ ಒಂದೇ ಅಲ್ಲ, ಅಲ್ವಾ? ಇದ್ದದ್ದು ಇದ್ದ ಹಾಗೆ ಬರೆಯಿರಿ. ಕಂತು ಸ್ವಲ್ಪ ಏರಬಹುದು, ಪಾಲಿಸಿ ತಿರಸ್ಕಾರವೂ ಆಗಬಹುದು. ಅದು ಈಗಲೇ ಆಗಲಿ.

ಯಾಕೆಂದರೆ ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷ ಕಳೆದ ಪಾಲಿಸಿಯನ್ನು ಕಂಪನಿ ಪ್ರಶ್ನಿಸುವಂತಿಲ್ಲ. ಮೂರು ವರ್ಷದ ಒಳಗೆ ಸಾವಾದರೆ ತನಿಖೆ ಆಗುತ್ತದೆ. ಆಸ್ಪತ್ರೆ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು ಎಲ್ಲ ಹೊರಬರುತ್ತದೆ. ಮುಚ್ಚಿಟ್ಟದ್ದು ಸಿಕ್ಕರೆ ಕ್ಲೈಮ್ ಹೋಯಿತು. "ಬರೀಬೇಡಿ, ಏನೂ ಆಗಲ್ಲ" ಎಂದು ಹೇಳಿದ್ದು ನೀವು ಎಂಬುದು ಆ ಮನೆಯವರಿಗೆ ನೆನಪಿರುತ್ತದೆ. ಅವರ ಮನೆ ದಾಟಿಯೇ ನೀವು ದಿನಾ ಓಡಾಡಬೇಕು.

ಕ್ಲೈಮ್ ಬಂದಾಗ ಅಡ್ಡಬರುವುದು ಹೆಚ್ಚಾಗಿ ಹೆಸರು. ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ನಾಮಿನಿಯ ಹೆಸರು ಮದುವೆಗೆ ಮುಂಚಿನದ್ದೇ ಉಳಿದಿರುತ್ತದೆ. ಅಮ್ಮನನ್ನು ನಾಮಿನಿ ಮಾಡಿದವನು ಮದುವೆಯಾಗಿ ಹತ್ತು ವರ್ಷವಾದರೂ ಬದಲಿಸಿರುವುದಿಲ್ಲ. ಪಾಲಿಸಿ ಮಾಡಿಸುವ ದಿನವೇ ಇದನ್ನೆಲ್ಲ ಸರಿ ಮಾಡಿಸುವವನು ಒಳ್ಳೆಯ ಏಜೆಂಟ್.

ಕಮಿಷನ್ ಇಲ್ಲದ ಒಂದು ಕೆಲಸವನ್ನೂ ಮಾಡಿ ಎಂದು ನನ್ನ ಸಲಹೆ. ಬ್ಯಾಂಕ್ ಖಾತೆ ಇರುವವರಿಗೆ ವರ್ಷಕ್ಕೆ 20 ರೂಪಾಯಿಯಲ್ಲಿ ಎರಡು ಲಕ್ಷದ ಅಪಘಾತ ವಿಮೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಇದೆ, 436 ರೂಪಾಯಿಗೆ ಎರಡು ಲಕ್ಷದ ಜೀವ ವಿಮೆ ಕೊಡುವ ಜೀವನ್ ಜ್ಯೋತಿ ಇದೆ. ಕೂಲಿಯವರಿಗೆ, ಕೊನೆಗೌಡರಿಗೆ ಬ್ಯಾಂಕಿನಲ್ಲಿ ಇದನ್ನು ಮಾಡಿಸಿಕೊಡಿ. ಹಾವು ಕಚ್ಚಿದರೆ, ಮರದಿಂದ ಬಿದ್ದರೆ ಕ್ಲೈಮಿಗೆ ತಕ್ಷಣದ ಆಸ್ಪತ್ರೆ ದಾಖಲೆ ಬೇಕು ಎಂಬುದನ್ನೂ ಹೇಳಿ. ನಾಟಿ ಔಷಧಿ ಕೊಡಿಸಿ ಮನೆಯಲ್ಲೇ ಇಟ್ಟುಕೊಂಡು, ಪ್ರಾಣ ಹೋದ ಮೇಲೆ ಕಾಗದ ಹುಡುಕಿದರೆ ಏನೂ ಸಿಗುವುದಿಲ್ಲ. ಹೀಗೆ ಒಂದು ಮನೆಗೆ ಎರಡು ಲಕ್ಷ ಬಂದರೆ ಆ ಊರಿನಲ್ಲಿ ನಿಮಗೆ ಬೇರೆ ಪ್ರಚಾರ ಬೇಕಾಗುವುದಿಲ್ಲ.

ಕೆಲಸ ಬಿಡುವ ಮೊದಲು

ನನ್ನನ್ನು ಕೇಳಿದರೆ ಕೆಲಸ ಬಿಡಬೇಡಿ, ಒಂದು ವರ್ಷ. ಖಾಸಗಿ ಕೆಲಸದಲ್ಲಿದ್ದರೆ ಮಾಲೀಕರ ಒಪ್ಪಿಗೆ ಪಡೆದು ಸಂಜೆ, ಭಾನುವಾರ ಏಜೆನ್ಸಿ ಮಾಡಿ ನೋಡಿ. ಎಲ್‌ಐಸಿ ಏಜೆನ್ಸಿ ಉಳಿಯಲು ವರ್ಷಕ್ಕೆ ಕನಿಷ್ಠ 12 ಬೇರೆ ಬೇರೆ ಜನರ ಪಾಲಿಸಿ ಆಗಬೇಕು. ಕೆಲಸದ ಜೊತೆಗೇ ಇದು ಆಗುತ್ತದೆ. ನೋಡಬೇಕಾದದ್ದು ಎಷ್ಟು ಪಾಲಿಸಿ ಆಯಿತು ಎಂದಲ್ಲ. ಅದರಲ್ಲಿ ನೆಂಟರಲ್ಲದವರು ಎಷ್ಟು, ಹದಿಮೂರನೇ ತಿಂಗಳ ಕಂತು ಕಟ್ಟಿದವರು ಎಷ್ಟು ಎಂದು. ಹನ್ನೆರಡರಲ್ಲಿ ನಾಲ್ಕೈದು ಜನ ಹೊರಗಿನವರಿದ್ದು, ಹತ್ತು ಜನ ಎರಡನೇ ವರ್ಷ ಕಟ್ಟಿದರೆ ಮುಂದಕ್ಕೆ ಯೋಚಿಸಬಹುದು. ಎಲ್ಲರೂ ನೆಂಟರೇ ಆಗಿದ್ದರೆ ಪಕ್ಕದ ಆದಾಯವಾಗಿ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಪಾಲಿಸಿ ಬಾಂಡ್ ಕೈಗೆ ಬಂದ ಮೇಲೆ ಗಿರಾಕಿ 30 ದಿನದೊಳಗೆ ವಾಪಸ್ ಮಾಡಬಹುದು. ಹಾಗಾದರೆ ನಿಮ್ಮ ಕಮಿಷನ್ನೂ ವಾಪಸ್. ಬಂದ ಕಮಿಷನ್ ಅನ್ನು ಮೊದಲ ತಿಂಗಳೇ ಖರ್ಚು ಮಾಡಬೇಡಿ.

ವರ್ಷಕ್ಕೆ 20,000 ದಾಟಿದ ಕಮಿಷನ್‌ಗೆ ಶೇ 2 ಟಿಡಿಎಸ್ ಹಿಡಿಯುತ್ತಾರೆ, 2025ರ ಏಪ್ರಿಲ್‌ಗೆ ಮೊದಲು ಶೇ 5 ಇತ್ತು. ತೆರಿಗೆ ಬರದಿದ್ದರೂ ಪ್ರತಿ ವರ್ಷ ರಿಟರ್ನ್ ಹಾಕಿ. ಹಿಡಿದ ದುಡ್ಡು ವಾಪಸ್ ಬರುತ್ತದೆ. ಅದಕ್ಕಿಂತ ಮುಖ್ಯ, ಸಂಬಳದ ಚೀಟಿ ಇಲ್ಲದ ನಿಮಗೆ ನಾಳೆ ಬ್ಯಾಂಕಿನವರು ಸಾಲ ಕೊಡಬೇಕಾದರೆ ಕೇಳುವುದು ಇದನ್ನೇ.

ಕೊನೆಯದಾಗಿ, ಸಹಿ ಹಾಕುವ ಮೊದಲು ಬ್ರಾಂಚಿನಲ್ಲಿ ಕೇಳಿ ಕಾಗದದಲ್ಲಿ ತೆಗೆದುಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಾನು ಏಜೆನ್ಸಿ ಬಿಟ್ಟರೆ, ಅಥವಾ ನನಗೆ ಏನಾದರೂ ಆದರೆ, ನನ್ನ ರಿನೀವಲ್ ಯಾರಿಗೆ? ಎಲ್‌ಐಸಿಯಲ್ಲಿ ನಿಗದಿತ ವರ್ಷ ದುಡಿದವರಿಗೆ ಏಜೆನ್ಸಿ ನಿಂತ ಮೇಲೂ ರಿನೀವಲ್ ಮುಂದುವರಿಯುವ, ತೀರಿಕೊಂಡರೆ ವಾರಸುದಾರರಿಗೆ ಹೋಗುವ ನಿಯಮ ಇದೆ. 2023ರಲ್ಲಿ ಅಲ್ಲಿನ ಏಜೆಂಟರ ಗ್ರಾಚ್ಯುಟಿ ಮಿತಿಯನ್ನೂ ಮೂರರಿಂದ ಐದು ಲಕ್ಷಕ್ಕೆ ಏರಿಸಿದರು. ಬೇರೆ ಕಂಪನಿಗಳಲ್ಲಿ ಒಪ್ಪಂದ ಒಂದೊಂದು ಥರ. ಹತ್ತು ವರ್ಷ ಬೈಕ್ ಓಡಿಸಿ ಕಟ್ಟಿದ ಪಾಲಿಸಿಗಳ ರಿನೀವಲ್, ನೀವು ಬಿಟ್ಟ ದಿನವೇ ನಿಂತುಹೋಗುವ ಒಪ್ಪಂದಕ್ಕೆ ಓದದೆ ಸಹಿ ಹಾಕಬೇಡಿ.